ಸಾಲು ಕೊಟ್ಟವಳು

ಹಾಸಿಗೆ ಅಂಗಡಿಯಲ್ಲಿ ಹಾಡುವುದೆಂದರೆ ದಿಂಬಿನೊಳಗೆ ಮುಖವಿಟ್ಟು ಕೂಗಿದಂತೆ. ಗೋಡೆಗೆ ಒತ್ತಿಕೊಂಡು ಹತ್ತಿಯ ಮೂಟೆಗಳು, ಮೂಲೆಯಲ್ಲಿ ಸುರುಳಿ ಸುತ್ತಿ ನಿಲ್ಲಿಸಿದ ಹಾಸಿಗೆಗಳು, ಹಗ್ಗದ ಮೇಲೆ ಪಟ್ಟೆಪಟ್ಟೆ ಬಟ್ಟೆ. ಬಾಯಿಂದ ಹೊರಟ ಸ್ವರ ಎಲ್ಲಿಗೂ ತಾಗದೆ ಅಲ್ಲೇ ಕುಸಿಯುತ್ತದೆ. ಆದರೂ ಪ್ರತಿ ಭಾನುವಾರ ಮಧ್ಯಾಹ್ನ ಒಂದಷ್ಟು ಮಂದಿ ಅಂಗಡಿಯ ಶಟರನ್ನು ಅರ್ಧಕ್ಕೆ ಇಳಿಸಿ, ಬಗ್ಗಿ ಒಳಗೆ ನುಸುಳಿ, ಹಾಡಿಗೆಂದು ಕೂರುತ್ತಿದ್ದರು. ಹಾಡಿಗೆ ಎನ್ನುವುದು ಹೆಸರಿಗಷ್ಟೇ. ಒಬ್ಬರು ಹಾಡಬೇಕು, ಉಳಿದವರು ತುಟಿ ಹೊಲಿದುಕೊಂಡು ಕೂರಬೇಕು. ತಾಳವಿಲ್ಲ, ತಲೆದೂಗುವುದಿಲ್ಲ, ಭಲೆ ಎನ್ನುವುದಿಲ್ಲ. ಹಾಡು ಮುಗಿದಾಗ ಗಡಿಯಾರ ರಿಪೇರಿಯವರು ಮಾತ್ರ "ಆಯ್ತು" ಎನ್ನುತ್ತಿದ್ದರು. ಸಾಲದ ಕಂತು ತೀರಿದವನಿಗೆ ಹೇಳಿದ ಹಾಗೆ, ಒಂದೇ ಒಂದು "ಆಯ್ತು".

ಹೊಸ ಸೊಸೆಗೆ ಮೊದಲ ದಿನವೇ ಮೈ ಉರಿದುಹೋಗಿತ್ತು.

ಹೊಸ ಸೊಸೆ ಎಂದರೆ ಎಳೆ ಹುಡುಗಿಯೇನಲ್ಲ. ನಲವತ್ತರ ಹೊಸ್ತಿಲಲ್ಲಿ ಮದುವೆಯಾಗಿ, ಬೇರೆ ಊರಿಂದ ಇಲ್ಲಿಗೆ ಬಂದವಳು. ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಇವಳು ಹಲ್ಲಿನ ಡಾಕ್ಟರ ಬಳಿ ಸಹಾಯಕಿ. ಇಡೀ ದಿನ "ಬಾಯಿ ತೆಗೀರಿ, ಇನ್ನೂ ಸ್ವಲ್ಪ ತೆಗೀರಿ" ಎನ್ನುವುದೇ ಕೆಲಸ. ಭಾನುವಾರ ಬಂದರೆ ಬಾಯಿ ತೆಗೆಯದ ಜನರ ನಡುವೆ ಕೂರುವ ಶಿಕ್ಷೆ. ಅಂಗಡಿ ಗಂಡನ ಅಕ್ಕನದು. ಈ ನಾದಿನಿ ಗಂಡನನ್ನು ಕಳೆದುಕೊಂಡ ಮೇಲೆ ಒಬ್ಬಳೇ ನಿಂತು ವ್ಯಾಪಾರ ನಡೆಸಿದವಳು. ಬೆರಳಷ್ಟು ಉದ್ದದ ಸೂಜಿಯಿಂದ ಹಾಸಿಗೆ ಹೊಲಿಯುತ್ತಿದ್ದಳು, ನಾಲಿಗೆಯಲ್ಲಿ ಅದಕ್ಕಿಂತ ಉದ್ದದ್ದು ಇತ್ತು. ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಅವಳೂ, ಅವಳ ತಂದೆಯೂ, ಅಂದರೆ ಇವಳ ಮಾವನೂ, ವಾಸ. ಗಂಡ ಹೆಂಡತಿ ಇದ್ದದ್ದು ಎರಡು ಬೀದಿ ಆಚೆ, ಬಾಡಿಗೆ ಮನೆಯಲ್ಲಿ.

ಅವಳ ತವರಿನ ಕಡೆ ಹಾಡಿನ ರೀತಿಯೇ ಬೇರೆ. ಅಲ್ಲಿ ಹಾಡು ಬೀದಿ ನಲ್ಲಿಯಿದ್ದಂತೆ, ಯಾರು ಬೇಕಾದರೂ ಕೊಡ ಇಡಬಹುದು. ಒಬ್ಬರು ಶುರು ಮಾಡಿದರೆ ಎರಡನೇ ಸಾಲಿಗೆ ಮನೆಯೇ ದನಿಗೂಡಿಸುತ್ತಿತ್ತು. ಒಬ್ಬರನ್ನೇ ಹಾಡಲು ಬಿಡುವುದೆಂದರೆ ಅಲ್ಲಿ ಬಹಿಷ್ಕಾರ. ತಮ್ಮನ ಪಾಲು ನುಂಗಿದ ಒಬ್ಬ ಮೇಸ್ತ್ರಿಗೆ ಹಾಗೆ ಮಾಡಿದ್ದರು. ಅವನು ಹಾಡುತ್ತಲೇ ಇದ್ದ, ಮಂದಿ ಗೋಡೆ ನೋಡುತ್ತಲೇ ಇದ್ದರು. ಕೊನೆಗೆ ಚಪ್ಪಲಿ ಮೆಟ್ಟಿಕೊಳ್ಳುವುದನ್ನೂ ಮರೆತು ಹೊರಟುಹೋದ. ಅಂಥ ಊರಿನವಳು ಇಲ್ಲಿ ಮೊದಲ ಸಲ ಹಾಡಿದಾಗ ಒಬ್ಬರೂ ದನಿಗೂಡಿಸಲಿಲ್ಲ ಎಂದರೆ ಅವಳಿಗೆ ಹೇಗಾಗಿರಬೇಡ. ಮನೆಗೆ ಬಂದು ಗಂಡನ ಮುಂದೆ ಕಣ್ಣೀರು ಹಾಕಿದಳು. "ನಾನೇನ್ ತಪ್ಪು ಮಾಡ್ದೆ ಅಂತ ಎಲ್ರೂ ಹಾಗೆ ಗುಮ್ಮನ ಥರ ಕೂತಿದ್ರು?"

ಗಂಡ ನಕ್ಕುಬಿಟ್ಟ. "ಅಯ್ಯೋ, ಅದು ಮರ್ಯಾದೆ ಕಣೆ. ಇಲ್ಲಿ ಹಾಡು ಹಾಡೋರ ಸ್ವತ್ತು. ಮಧ್ಯೆ ಬಾಯಿ ಹಾಕಿದ್ರೆ ಬೇರೆಯವರ ತಟ್ಟೆಗೆ ಕೈ ಹಾಕಿದ ಹಾಗೆ."

ಇಷ್ಟು ಹೇಳಿದ ಆ ಪುಣ್ಯಾತ್ಮ ಮುಖ್ಯವಾದ ಮಾತನ್ನೇ ಹೇಳಲಿಲ್ಲ. ಹುಟ್ಟಿದಾಗಿನಿಂದ ಗೊತ್ತಿರುವುದನ್ನು ಯಾರು ತಾನೆ ಬಿಡಿಸಿ ಹೇಳುತ್ತಾರೆ?

ಮಾವ ಲಾರಿಗಳಿಗೆ ಮರದ ಬಾಡಿ ಕಟ್ಟಿ ಬಾಳಿದ ಬಡಗಿ. ಎತ್ತರದ ಆಳು, ನೆಟ್ಟಗಿನ ಬೆನ್ನು, ಮಾತು ಕಡಿಮೆ. ಅವರದು ಒಂದೇ ಹಾಡು, ಸತ್ತ ಹೆಂಡತಿಯಿಂದ ಬಂದದ್ದು. ಅಕ್ಕ ತಂಗಿಯರು ಆಳದ ಬಾವಿಯಿಂದ ನೀರು ಸೇದುವ ಹಾಡು. ಹಗ್ಗ ಸಾಲದೆ ಹೋದಾಗ ಸೆರಗನ್ನು ಗಂಟು ಹಾಕುತ್ತಾರೆ, ಅದೂ ಸಾಲದಾದಾಗ ಇನ್ನೊಂದು, ಮತ್ತೊಂದು. ಮಾವ ಅದನ್ನು ನಿಧಾನವಾಗಿ, ಸಾಲು ಸಾಲಿಗೂ ನಿಂತು ಹಾಡುತ್ತಿದ್ದರು. ಆ ನಿಲುಗಡೆಗೇ ಅವರು ಹೆಸರುವಾಸಿ. ಈಚೀಚೆಗೆ ನಿಲುಗಡೆ ಇನ್ನೂ ಉದ್ದವಾಗಿದೆ ಎಂದು ಮಂದಿ ಮೆಚ್ಚಿ ಮಾತಾಡುತ್ತಿದ್ದರು. "ಹಾಡೋಕೆ ಯಾರಿಗಾದ್ರೂ ಬರುತ್ತೆ, ನಿಲ್ಲೋಕೆ ಬರಬೇಕು ನೋಡಿ" ಎಂದು ಗಡಿಯಾರದವರು ಹೇಳುತ್ತಿದ್ದರು. ಅವರು ದಿನವೆಲ್ಲ ನಿಂತ ಗಡಿಯಾರಗಳ ಜೊತೆ ಕೂರುವವರು, ಅವರಿಗೆ ಹಾಗನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಒಂದು ಭಾನುವಾರ ಮಾವ ಹಾಡಲು ಕೂತರು. ಸೊಸೆಗೆ ಜೀವ ಬಂದಂತಾಯಿತು, ಏಕೆಂದರೆ ಅದು ಅವಳ ತವರಿನ ಹಾಡೂ ಹೌದು. ಅಲ್ಲಿ ಚಪ್ಪಾಳೆ ತಟ್ಟಿಕೊಂಡು ಓಡಿಸಿಕೊಂಡು ಹೋಗುತ್ತಿದ್ದರು, ಇಲ್ಲಿ ತೆವಳುತ್ತಿತ್ತು, ಆದರೂ ಅದೇ ಬಾವಿ, ಅದೇ ಅಕ್ಕ ತಂಗಿ.

*ಹಗ್ಗ ಸಾಲದು ಅಕ್ಕ, ಬಾವಿ ಬಲು ಆಳ,*
*ಸೆರಗ ಸೇರಿಸು ತಂಗಿ, ನೀರು ಬಲು ದೂರ.*
*ಸೆರಗೂ ಸಾಲದು ಅಕ್ಕ, ಕೊಡ ಮುಳುಗಲಿಲ್ಲ...*

ಮಾವ ನಿಂತರು. ಶಟರಿನ ಕೆಳಗಿಂದ ಬಂದ ಬಿಸಿಲಲ್ಲಿ ಹತ್ತಿಯ ಎಳೆಗಳು ತೇಲುತ್ತಿದ್ದವು. ಯಾರೂ ಅಲುಗಲಿಲ್ಲ. ಸೊಸೆ ಅವರಿಗೆ ಎದುರಾಗಿ ಕುಳಿತಿದ್ದಳು. ಮಾವನ ಕಣ್ಣು ಅವಳ ಮೇಲೆ ಬಿತ್ತು, ಏನನ್ನೋ ಕೇಳುವಂತೆ. ಕೇಳಿದವರಿಗೆ ಇಲ್ಲವೆನ್ನುವುದು ಅವಳ ಊರಿನ ಪದ್ಧತಿಯಲ್ಲ. ಅವಳು ಮೆಲ್ಲಗೆ, ಪ್ರೀತಿಯಿಂದಲೇ, ಸಾಲು ಕೊಟ್ಟಳು.

*ಜಡೆಯ ಸೇರಿಸು ತಂಗಿ, ದಾಹ ತಾಳಲಿಲ್ಲ.*

ನಾದಿನಿಯ ಕೈಯಲ್ಲಿದ್ದ ನೀರಿನ ಲೋಟ ನೆಲಕ್ಕೆ ಬಿತ್ತು. ಮಾವನ ಮುಖ ಮೊದಲು ಬಿಳಿಚಿಕೊಂಡು, ಆಮೇಲೆ ಕೆಂಪಾಯಿತು. ಅವರು ಎದ್ದು ನಿಂತರು. "ನಾನು ನಿಲ್ಲಿಸಿದ್ದೆ. ಬರೀ ನಿಲ್ಲಿಸಿದ್ದೆ. ಇವಳಿಗೆ ಅಷ್ಟೂ ತಡ್ಕೊಳ್ಳೋಕಾಗ್ಲಿಲ್ಲ!" ಎಂದು ಕೂಗಿದರು. ಅವರು ಕೂಗಿದ್ದನ್ನು ಅಲ್ಲಿ ಯಾರೂ ಎಂದೂ ಕೇಳಿರಲಿಲ್ಲ.

ಗಡಿಯಾರದವರು ಆಗ ವಿವರಿಸಿದರು, ಪೊಲೀಸು ಠಾಣೆಯಲ್ಲಿ ಹೇಳಿಕೆ ಓದುವ ದನಿಯಲ್ಲಿ. ಇಲ್ಲಿ ಸಾಲು ಕೊಟ್ಟರೆ ಹಾಡು ಕೊಟ್ಟವರ ಕಡೆ ಹೋಗುತ್ತದೆ. ಹಾಡುಗಾರ ಹಾಸಿಗೆ ಹಿಡಿದು ಇನ್ನು ಆಗದು ಎಂದಾದಾಗ, ಹಾಡುತ್ತ ಹಾಡುತ್ತ ನಿಂತಾಗ, ಮಗನೋ ಮಗಳೋ ಮನೆಯವರೋ ಮುಂದಿನ ಸಾಲು ಕೊಡುತ್ತಾರೆ. ಅಲ್ಲಿಂದ ಹಾಡು ಅವರದು, ಹಳಬರು ಮತ್ತೆ ಅದನ್ನು ಬಾಯಲ್ಲಿ ಆಡುವಂತಿಲ್ಲ. ಮಾವನ ಹೆಂಡತಿ ಆಸ್ಪತ್ರೆಯಲ್ಲಿ ಹಾಡಿನ ನಡುವೆ ನಿಂತಾಗ ಮಾವ ಸಾಲು ಕೊಟ್ಟಿದ್ದರು. ಹಾಗೆಯೇ ಬಂದದ್ದು ಈ ಹಾಡು.

"ನನಗೆ ಗೊತ್ತಿರ್ಲಿಲ್ಲ," ಎಂದಳು ಸೊಸೆ. "ವಾಪಸ್ ತಗೊಳ್ಳಿ. ನನಗ್ಯಾಕೆ?"

"ವಾಪಸ್ ತಗೊಳ್ಳೋಕೆ ಇದೇನು ನಿಮ್ಮ ಕ್ಲಿನಿಕ್ಕಿನ ಹಲ್ಲಿನ ಸೆಟ್ಟಾ?" ನಾದಿನಿ ಅವಳ ಮುಖಕ್ಕೆ ಮುಖ ತಂದಳು. "ಬದುಕಿರುವಾಗಲೇ ನಮ್ಮಪ್ಪನ್ನ ಹೂತು ಹಾಕಿದ್ಯಲ್ಲೇ! ಹಲ್ಲು ಕೀಳೋ ಕೈ, ಹಾಡನ್ನೂ ಕಿತ್ಕೊಂಡ್ತು."

ಮುಂದಿನ ಭಾನುವಾರ ಸೊಸೆ ಆ ಹಾಡನ್ನು ಹಾಡಲೇಬೇಕು, ಹಾಡದಿದ್ದರೆ ಹಾಡು ಸತ್ತಂತೆ, ಅದೂ ನಿಯಮವೇ. ಎಂಥ ನಿಯಮವೋ, ಯಾವ ಹೊಟ್ಟೆ ತುಂಬಿದವನು ಮಾಡಿದ್ದೋ. ನಿಯಮ ಮಾಡಿದವನು ಸೊಸೆಯಾಗಿ ಯಾವ ಮನೆಗೂ ಹೋಗಿರಲಿಲ್ಲ ಎಂಬುದಂತೂ ಖಂಡಿತ.

ಆ ವಾರ ಅವಳಿಗೆ ಊರೇ ಬೆನ್ನು ತಿರುಗಿಸಿತು. ಹಲ್ಲು ಹುಳುಕಾಗಿ ಬಂದ ದರ್ಜಿಯೊಬ್ಬ, ಭಾನುವಾರದ ಗುಂಪಿನವನೇ, ಕುರ್ಚಿಯಲ್ಲಿ ಇವಳನ್ನು ನೋಡಿದ್ದೇ ದವಡೆ ಹಿಡಿದುಕೊಂಡು ಎದ್ದುಹೋದ. ನೋವೇ ಮೇಲು ಎನ್ನಿಸಿರಬೇಕು. ಗಂಡ ಕೇಳಿದ್ದಕ್ಕೆ ಮಾತ್ರ ಉತ್ತರಿಸುತ್ತಿದ್ದ. ಮೊದಲೆಲ್ಲ ಮಾವ ಸಂಜೆ ವಾಕಿಂಗಿಗೆಂದು ಹೊರಟು ಇವರ ಮನೆಗೆ ಬಂದು, ಅಡುಗೆಮನೆಯ ಬಾಗಿಲ ಬಳಿ ಸ್ಟೂಲು ಎಳೆದುಕೊಂಡು ಕೂರುತ್ತಿದ್ದರು. ತಂದೆಯನ್ನು ಚಿಕ್ಕಂದಿನಲ್ಲೇ ಕಳೆದುಕೊಂಡವಳಿಗೆ ಅದು ಎಷ್ಟು ದೊಡ್ಡದೆಂದು ಅವಳಿಗೇ ಗೊತ್ತು. ಈಗ ಅವರು ಬೀದಿಯ ತಿರುವಿನಲ್ಲಿ ನಿಂತು, ಮನೆಯ ಕಡೆ ಒಮ್ಮೆ ನೋಡಿ, ಹಿಂತಿರುಗುತ್ತಿದ್ದರು. ಸ್ಟೂಲು ಖಾಲಿ ಇತ್ತು. ಅವಳಿಗೆ ಬೇರೇನೂ ಬೇಡವಾಗಿತ್ತು, ಮಾವ ಮತ್ತೆ ಬಂದು ಅಲ್ಲಿ ಕೂತರೆ ಸಾಕಾಗಿತ್ತು.

ಗುರುವಾರ ಅವಳು ಗಡಿಯಾರದವರ ಅಂಗಡಿಗೆ ಹೋಗಿ ನಿಂತಳು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡಿದ್ದ ಆತ ತಲೆ ಎತ್ತದೆಯೇ ಹೇಳಿದರು: "ಬಂದ ದಾರೀಲೇ ವಾಪಸ್ ಹೋಗ್ಬೇಕು. ನೀನು ಹಾಡ್ತಾ ನಿಲ್ಲು. ಅವರು ಸಾಲು ಕೊಟ್ರೆ ಹಾಡು ಅವರದ್ದು. ನಾನು ಹೇಳ್ದೆ ಅಂತ ಎಲ್ಲೂ ಹೇಳ್ಬೇಡ."

ಇಷ್ಟು ಸುಲಭವೇ! ಅವಳಿಗೆ ಹಾರಿಹೋಗುವಷ್ಟು ಹಗುರಾಯಿತು. ಆ ಸಂತೋಷದಲ್ಲಿ ಗಂಡನಿಗೆ ಹೇಳಿದಳು, ಅವನು ಅಕ್ಕನಿಗೆ ಹೇಳಿದ. ಒಡಹುಟ್ಟಿದವರ ಹೊಟ್ಟೆಯಲ್ಲಿ ಮಾತು ನಿಂತೀತೇ?

ಮರುದಿನವೇ ನಾದಿನಿ ಕ್ಲಿನಿಕ್ಕಿಗೆ ಬಂದಳು. ಕಾಯುತ್ತಿದ್ದ ರೋಗಿಗಳ ನಡುವೆಯೇ, ಸೆರಗಿಗೆ ಅಂಟಿದ ಹತ್ತಿಯನ್ನೂ ಕೊಡವದೆ, ಸೊಸೆಯ ಮೊಣಕೈ ಹಿಡಿದು, ಉಪಕರಣ ತೊಳೆಯುವ ಸಿಂಕಿನ ಬಳಿ ಎಳೆದುಕೊಂಡು ಹೋದಳು.

"ಭಾನುವಾರ ನೀನು ನಿಲ್ಲಬಾರ್ದು. ಹಾಡು, ಮುಗಿಸು, ಹೋಗು."

"ಯಾಕೆ? ನಾನು ಮಾವನಿಗೆ ವಾಪಸ್ ಕೊಡ್ತಿದೀನಿ. ನಿಮಗೆ ಸಂತೋಷ ಆಗ್ಬೇಕು."

"ನಿನ್ನ ಭಿಕ್ಷೆ ನಮ್ಮಪ್ಪನಿಗೆ ಬೇಡ."

"ಅದನ್ನ ಅವರೇ ಹೇಳ್ಲಿ."

"ನಾನು ಹೇಳ್ತಿದೀನಲ್ಲ!" ನಾದಿನಿಯ ದನಿ ಒಡೆಯಿತು. "ನಿಂತೆಯೋ, ನಿನ್ನ ಕಾಲು ಮುರಿದು ಕೈಗೆ ಕೊಡ್ತೀನಿ."

ಇದಕ್ಕೆ ಹೊಟ್ಟೆಕಿಚ್ಚಲ್ಲದೆ ಬೇರೆ ಹೆಸರುಂಟೇ ಎಂದುಕೊಂಡಳು ಸೊಸೆ. ಮಾವನೂ ತಾನೂ ಒಂದಾದರೆ ಇವಳಿಗೆ ಉಸಿರು ಕಟ್ಟುತ್ತದೆ. ಜಗಳ ಆರಿಹೋದರೆ ಮೈ ಕಾಯಿಸಿಕೊಳ್ಳುವುದು ಹೇಗೆ, ಪಾಪ. ಅವಳು ಟ್ರೇಯಲ್ಲಿದ್ದ ಇಕ್ಕಳಗಳನ್ನು ಸದ್ದಾಗುವಂತೆ ತೊಳೆಯತೊಡಗಿದಳು. ನಾದಿನಿ ಹೋದ ಮೇಲೆ, ನಿಂತೇ ನಿಲ್ಲುತ್ತೇನೆ ಎಂದು ಗಟ್ಟಿಯಾಗಿ ಹೇಳಿಕೊಂಡಳು. ಇನ್ನೂ ಒಂದು ಜಾಣತನ ಯೋಚಿಸಿದಳು: ಎಲ್ಲಕ್ಕಿಂತ ಸುಲಭದ ಜಾಗದಲ್ಲಿ, ಹಾಡಿನ ಮೊದಲ ಸಾಲಿನಲ್ಲೇ ನಿಲ್ಲಬೇಕು. ಮುದುಕರಿಗೆ ತೊಂದರೆಯಾಗಬಾರದು.

ಭಾನುವಾರ ಅಂಗಡಿ ಎಂದಿಗಿಂತ ತುಂಬಿತ್ತು. ಹಾಡು ಕೇಳಲು ಬಾರದವರೂ ಜಗಳ ನೋಡಲು ಬರುತ್ತಾರೆ, ಅದು ಎಲ್ಲ ಊರಿನಲ್ಲೂ ಇದ್ದದ್ದೇ. ಮಾವ ಒಗೆದ ಬಿಳಿ ಅಂಗಿ ತೊಟ್ಟು, ಶಟರಿಗೆ ಬೆನ್ನು ಮಾಡಿ, ಯಾವುದಕ್ಕೂ ಒರಗದೆ ಕುಳಿತಿದ್ದರು. ಸೊಸೆ ಒಳಗೆ ಬಂದಾಗ ಯಾರೂ ಸರಿದು ಜಾಗ ಕೊಡಲಿಲ್ಲ. ಅವಳು ಹತ್ತಿ ಹಿಂಜುವ ಯಂತ್ರದ ಪಕ್ಕ, ಬರಿಯ ನೆಲದ ಮೇಲೆ ಕೂತಳು. ಗಂಡ ಶಟರಿನ ಬಳಿಯೇ ನಿಂತ, ಅತ್ತ ಹೊರಗೂ ಅಲ್ಲ, ಇತ್ತ ಒಳಗೂ ಅಲ್ಲ.

"ಹಾಡು," ಎಂದರು ಗಡಿಯಾರದವರು.

ಅವಳು ಇಲ್ಲಿಯ ರೀತಿಯಲ್ಲೇ, ನಿಧಾನವಾಗಿ ಎತ್ತಿದಳು.

*ಹಗ್ಗ ಸಾಲದು ಅಕ್ಕ, ಬಾವಿ ಬಲು ಆಳ...*

ನಿಂತಳು. ಮಾವನ ಕಡೆಗೆ ನೋಡಿದಳು. ತೆಗೆದುಕೊಳ್ಳಿ ಎಂದು ಅವಳ ಮುಖವೇ ಹೇಳುತ್ತಿತ್ತು. ಅಲ್ಲಿದ್ದವರಿಗೂ ಅರ್ಥವಾಯಿತು. ಬಿಗಿದಿದ್ದ ಮುಖಗಳು ತುಸು ಸಡಿಲಾದವು, ಒಬ್ಬಿಬ್ಬರು ಮಾವನ ಕಡೆ ತಿರುಗಿ ಕುಳಿತರು. ನಾದಿನಿ ಮಾತ್ರ ಕಣ್ಣು ಮುಚ್ಚಿಕೊಂಡಳು.

ಮಾವ ಬಾಯಿ ತೆರೆದರು. ತುಟಿ ಅಲುಗಿತು. ಏನೂ ಬರಲಿಲ್ಲ.

ಅಭಿಮಾನಕ್ಕೆ ತಡ ಮಾಡುತ್ತಿದ್ದಾರೆ ಎಂದುಕೊಂಡಳು ಸೊಸೆ. ಆಮೇಲೆ ಅವರ ಕಣ್ಣು ನೋಡಿದಳು. ಅಂಥ ಕಣ್ಣನ್ನು ಅವಳು ಕ್ಲಿನಿಕ್ಕಿನಲ್ಲಿ ದಿನವೂ ಕಾಣುತ್ತಿದ್ದಳು. ದವಡೆ ಮರಗಟ್ಟುವ ಇಂಜೆಕ್ಷನ್ ತೆಗೆದುಕೊಂಡವರು ಬಾಯಿ ಮುಕ್ಕಳಿಸಲು ಹೋಗಿ, ತುಟಿ ತಮ್ಮ ಮಾತು ಕೇಳದೆ ನೀರು ಗದ್ದದ ಮೇಲೆ ಸೋರಿದಾಗ, ಹೀಗೇ ಗಾಬರಿಯಿಂದ ನೋಡುತ್ತಾರೆ. ಮಾವ ಹುಡುಕುತ್ತಿದ್ದರು, ಮತ್ತು ಅಲ್ಲಿ ಸಾಲು ಇರಲಿಲ್ಲ. ಜಡೆಯ ಸಾಲಲ್ಲ, ಸೆರಗಿನ ಸಾಲು. ಮೂರು ವರ್ಷದ ಕೂಸೂ ಹೇಳುವಂಥದ್ದು. ಅವರ ಬಲಗೈ ತೊಡೆಯ ಮೇಲೆ ಬಟ್ಟೆಯನ್ನು ಹಿಂಡುತ್ತಿತ್ತು. ಅವರು ಮಗಳ ಕಡೆ ತಿರುಗಿದರು, ದಾರಿ ತಪ್ಪಿದ ಮಗು ತಾಯಿಯನ್ನು ನೋಡುವಂತೆ.

ಆಗ ಅವಳಿಗೆ ಎಲ್ಲವೂ ಒಟ್ಟಿಗೆ ತಿಳಿಯಿತು. ಆ ನಿಲುಗಡೆಗಳು ನಿಲುಗಡೆಗಳಲ್ಲ. ಮಂದಿ ಮೆಚ್ಚಿದ್ದು ಮರೆವನ್ನು. ಬೀದಿಯ ತಿರುವಿನಲ್ಲಿ ನಿಂತು ಮಾವ ಹಿಂತಿರುಗುತ್ತಿದ್ದದ್ದು ಕೋಪದಿಂದಲೋ, ಮನೆ ಯಾವುದೆಂದು ತೋಚದೆಯೋ, ದೇವರಿಗೇ ಗೊತ್ತು. ನಾದಿನಿಗೆ ಮೊದಲಿಂದಲೂ ಗೊತ್ತು. ಸೊಸೆ ಹಾಡು ಕದ್ದಳು ಎಂದು ಅವಳು ಊರಿಗೆಲ್ಲ ಕೇಳುವಂತೆ ಕೂಗಿದ್ದು ಅದಕ್ಕೇ. ಕದ್ದರು ಎಂದರೆ, ಹಾಡು ಅಪ್ಪನ ಬಳಿ ಇತ್ತು ಎಂದಾಯಿತಲ್ಲ. ಆ ಕೂಗಿನ ಮರೆಯಲ್ಲಿ ಮುದುಕರು ನೆಟ್ಟಗೆ ಬೆನ್ನು ಮಾಡಿಕೊಂಡು ಕೂತಿದ್ದರು. ಇವಳು ಒಳ್ಳೆಯದು ಮಾಡಲು ಹೋಗಿ, ತುಂಬಿದ ಅಂಗಡಿಯ ನಡುವೆ ಆ ಮರೆಯನ್ನೇ ಕಿತ್ತು ಹಾಕಿದ್ದಳು.

ಮೂಟೆಗೆ ಒರಗಿದ್ದ ದರ್ಜಿ ಪಕ್ಕದವನ ಕಿವಿಗೆ ಬಗ್ಗಿದ. ಗಡಿಯಾರದವರ ಹುಬ್ಬು ಗಂಟಿಕ್ಕತೊಡಗಿತು. ಇದು ನಿಲುಗಡೆಗಿಂತ ಉದ್ದವಾಯಿತು ಎಂದು ಅವರಿಗೂ ಅನ್ನಿಸುತ್ತಿತ್ತು. ಇನ್ನೊಂದು ಉಸಿರು ಕಳೆದರೆ ಯಾರಾದರೂ "ಪಾಪ" ಎನ್ನುತ್ತಿದ್ದರು. ಒಮ್ಮೆ ಪಾಪ ಎನ್ನಿಸಿಕೊಂಡ ಗಂಡಸು ಮತ್ತೆ ಆ ಗುಂಪಿನಲ್ಲಿ ತಲೆ ಎತ್ತುವುದುಂಟೇ?

ಸೊಸೆ ನಕ್ಕುಬಿಟ್ಟಳು. ಗಟ್ಟಿಯಾಗಿ, ಅಸಹ್ಯವಾಗಿ, ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಏನ್ ಮಾವ, ಕೊಟ್ಟೇಬಿಡ್ತೀನಿ ಅಂದ್ಕೊಂಡ್ರಾ? ಬಾಯಿ ತೆಗೆದಿದ್ದು ನೋಡಿ! ಮುಚ್ಕೊಳ್ಳಿ, ಮುಚ್ಕೊಳ್ಳಿ, ನಾನು ಮರೆತಿಲ್ಲ. ಸುಮ್ನೆ ಆಟ ಆಡಿಸ್ದೆ. ಈಗ ಇದು ನನ್ನ ಹಾಡು."

ಆಮೇಲೆ ಚಪ್ಪಾಳೆ ತಟ್ಟಿಕೊಂಡು, ತವರಿನ ಓಟದಲ್ಲಿ, ಸೆರಗಿನ ಸಾಲಿನಿಂದ ಶುರುಮಾಡಿ ಕೊನೆಯವರೆಗೆ ಹಾಡನ್ನು ಎಳೆದಾಡಿದಳು. ಅಷ್ಟು ಕೆಟ್ಟದಾಗಿ ಅವಳು ಜೀವಮಾನದಲ್ಲಿ ಹಾಡಿರಲಿಲ್ಲ. ಅಳು ಕೇಳಿಸದಿರಲೆಂದು ಚಪ್ಪಾಳೆಯನ್ನು ಇನ್ನಷ್ಟು ಜೋರು ಮಾಡಿದಳು.

ಹಾಡು ಮುಗಿಯುವಷ್ಟರಲ್ಲಿ ಅಂಗಡಿಯೇ ಎದ್ದು ನಿಂತಿತ್ತು. "ಛೀ" ಎಂದರು ಯಾರೋ. "ಹಿರಿಯರ ಮುಂದೆ ಇಂಥ ಚೇಷ್ಟೆಯಾ?" "ಹೊರಗೆ ಹಾಕ್ರಿ!" ದರ್ಜಿ ಪಿಸುಗುಟ್ಟುತ್ತಿದ್ದದ್ದನ್ನು ಬಿಟ್ಟು ಮುಷ್ಟಿ ಎತ್ತಿದ್ದ. ಗಡಿಯಾರದವರು "ಆಯ್ತು" ಎನ್ನಲಿಲ್ಲ. ಮುಖ ತಿರುಗಿಸಿ, ನೆಲಕ್ಕೆ ಉಗುಳಿದರು.

ಮಾವ ಎದ್ದರು. ಬಟ್ಟೆ ಹಿಂಡುತ್ತಿದ್ದ ಕೈ ಈಗ ಸೊಸೆಯ ಕಡೆ ಬೆರಳು ಮಾಡಿತ್ತು, ಎಲ್ಲರಿಗೂ ಗುರುತು ಸಿಗುವ ಸಿಟ್ಟಿನಲ್ಲಿ. ಕಣ್ಣಿಗೆ ಬೆಳಕು ಬಂದಿತ್ತು. "ಕಳ್ಳಿ! ಅವತ್ತೇ ನಾನು ಹೇಳ್ಲಿಲ್ವಾ? ಬಾಯಿ ಹಾಕೋಳು ಅಂತ ಹೇಳ್ಲಿಲ್ವಾ?" ಎಂದರು, ಒಂದು ಮಾತೂ ತಡವರಿಸದೆ. ಮಂದಿ ಅವರ ಸುತ್ತ ನೆರೆದು ಭುಜ ಹಿಡಿದು ಕೂರಿಸಿದರು, ನೀರು ಕೊಟ್ಟರು, ನೀವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದರು.

ನಾದಿನಿ ಸೊಸೆಯ ರಟ್ಟೆ ಹಿಡಿದು ಶಟರಿನ ಕಡೆ ದರದರ ಎಳೆದಳು. ಉಗುರು ಚರ್ಮಕ್ಕೆ ಇಳಿಯಿತು. "ಇನ್ನೊಂದ್ಸಲ ಈ ಹೊಸ್ತಿಲು ತುಳಿದ್ರೆ ನೋಡು," ಎಂದು ಎಲ್ಲರಿಗೂ ಕೇಳುವಂತೆ ಕಿರುಚಿದಳು. ಕೈ ಬಿಡುವ ಮೊದಲು ಇವಳ ಮುಖವನ್ನು ಹತ್ತಿರದಿಂದ ನೋಡಿದಳು. ನಿಲ್ಲಬೇಡ ಎಂದು ಹೇಳಿರಲಿಲ್ಲವೇ ಎಂಬ ದ್ವೇಷವೂ ಆ ಕಣ್ಣಲ್ಲಿ ಇತ್ತು, ಇನ್ನೊಂದೂ ಇತ್ತು. ಆ ಇನ್ನೊಂದನ್ನು ಅವಳು ಬಾಯಿಗೆ ತರಲಿಲ್ಲ. ತಲೆಯ ಮೇಲೆ ಕೈಯಿಟ್ಟು ಬಗ್ಗಿಸಿ, ಹೊರಗೆ ನೂಕಿ, ಶಟರನ್ನು ನೆಲದವರೆಗೂ ಎಳೆದುಬಿಟ್ಟಳು.

ಬೀದಿಯಲ್ಲಿ ಬಿಸಿಲು. ಗಂಡ ಅವಳಿಗಿಂತ ಮೊದಲೇ ಹೊರಗೆ ಬಂದು, ಬೈಕಿನ ಪಕ್ಕ ನಿಂತಿದ್ದ. ಅವನ ಮುಖದಲ್ಲಿ ಅವಳು ಈವರೆಗೆ ಕಾಣದಿದ್ದ ಒಂದು ಅಸಹ್ಯ ಇತ್ತು.

"ಯಾಕೆ ಹಾಗೆ ಮಾಡ್ದೆ?" ಎಂದ. "ವಾಪಸ್ ಕೊಡ್ತೀನಿ ಅಂದೆಯಲ್ಲ. ಅಪ್ಪನ ಮುಖ ನೋಡಿದ್ಯಾ ನೀನು? ನೋಡಿದ್ಯಾ?"

ನೋಡಿದ್ದಳು. ನೋಡದೆ ಇದ್ದದ್ದು ಅವನೊಬ್ಬನೇ, ಅವನು ನಿಂತಿದ್ದ ಜಾಗದಿಂದ ತಂದೆಯ ಬೆನ್ನು ಮಾತ್ರ ಕಾಣುತ್ತಿತ್ತು, ಆ ನೆಟ್ಟಗಿನ ಬೆನ್ನು. ಹೇಳಿದರೆ ಇವತ್ತೇ ಗಂಡ ಮತ್ತೆ ತನ್ನವನಾಗುತ್ತಾನೆ. ಆದರೆ ಇವನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ನಾಳೆ ಬೆಳಿಗ್ಗೆ ಅದು ಬಸ್ ಡಿಪೋ ಸೇರಿ, ಮುಂದಿನ ಭಾನುವಾರದೊಳಗೆ ದರ್ಜಿಯ ಬಾಯಲ್ಲಿರುತ್ತದೆ.

"ನೋಡ್ದೆ," ಎಂದಳು. "ಹಾಡು ಚೆನ್ನಾಗಿತ್ತು, ಕೊಡೋಕೆ ಮನಸ್ಸಾಗ್ಲಿಲ್ಲ."

ಅವನು ಬೈಕು ಹತ್ತಿ, ಅವಳು ಕೂರುವುದನ್ನು ಕಾಯದೆ ಹೊರಟುಹೋದ. ಶಟರಿನ ಒಳಗೆ ಮಾವ ಇನ್ನೂ ಬೈಯುತ್ತಿದ್ದರು, ಗಟ್ಟಿ ದನಿಯಲ್ಲಿ, ಎಲ್ಲೂ ನಿಲ್ಲದೆ. ಅವಳು ಅಲ್ಲೇ ನಿಂತು ಅದನ್ನು ಒಂದಿಷ್ಟು ಹೊತ್ತು ಕೇಳಿದಳು. ಆಮೇಲೆ ರಟ್ಟೆ ಉಜ್ಜಿಕೊಳ್ಳುತ್ತ ಮನೆಯ ಕಡೆ ನಡೆದಳು.